ಸರಾಸರಿಯಲ್ಲೋ ಅಂಚಿನಲ್ಲೋ? ನೆರೆಹೊರೆ ಮತ್ತು ಜೈವಿಕ ಸೂಚಕಗಳ ಸಂಬಂಧದ ಮರುಪರಿಶೀಲನೆ

ಬಡತನ ದಟ್ಟವಾಗಿರುವ ನೆರೆಹೊರೆಗಳಲ್ಲಿ ವಾಸಿಸುವವರ ಆರೋಗ್ಯ ಅನುಕೂಲಸ್ಥ ನೆರೆಹೊರೆಗಳವರದಕ್ಕಿಂತ ಕೆಟ್ಟದಾಗಿರುತ್ತದೆ ಎಂಬ ಬಗ್ಗೆ ಈಗ ತಕರಾರಿಲ್ಲ. ಅಮೆರಿಕದ ನಾಲ್ಕು ಪ್ರದೇಶಗಳ ನಿವಾಸಿಗಳನ್ನು ವರ್ಷಗಟ್ಟಲೆ ಗಮನಿಸಿದ ಆನಾ ಡೀಜ್ ರೂ ಮತ್ತು ಸಂಗಡಿಗರು, ಆದಾಯ, ವಿದ್ಯೆ, ಉದ್ಯೋಗಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಹಿಂದುಳಿದ ನೆರೆಹೊರೆಗಳಲ್ಲಿ ಹೃದ್ರೋಗ ಹೆಚ್ಚೆಂದು 2001ರಲ್ಲಿ ತೋರಿಸಿದರು. ಇದು ದೇಹದೊಳಗೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಬ್ರೂಸ್ ಮೆಕ್ಈವನ್ ಮತ್ತು ಎಲಿಯಟ್ ಸ್ಟೆಲರ್ 1993ರಲ್ಲಿ ಮುಂದಿಟ್ಟ ‘ಅಲೋಸ್ಟ್ಯಾಟಿಕ್ ಹೊರೆ’ಯ ಕಲ್ಪನೆ ಒಂದು ಚೌಕಟ್ಟು ಕೊಟ್ಟಿತು. ಒತ್ತಡಕ್ಕೆ ಮತ್ತೆ ಮತ್ತೆ ಹೊಂದಿಕೊಳ್ಳುತ್ತ ಹೋದ ದೇಹ ಆ ಹೊಂದಾಣಿಕೆಯಿಂದಲೇ ಸವೆಯುತ್ತದೆ. ಆ ಸವೆತ ಕಾರ್ಟಿಸಾಲ್, ರಕ್ತದೊತ್ತಡ, ಸಕ್ಕರೆ, ಕೊಬ್ಬು, ಉರಿಯೂತ ಮುಂತಾದ ಸೂಚಕಗಳಲ್ಲಿ ಒಟ್ಟಾಗಿ ಕಾಣಿಸಿಕೊಳ್ಳುತ್ತದೆ ಎಂಬುದು ಅದರ ತಿರುಳು.

ತಕರಾರಿರುವುದು ಕಾರಣದ ವಿಷಯದಲ್ಲಿ. ನೆರೆಹೊರೆ ಜನರನ್ನು ಕಾಯಿಲೆಗೆ ದೂಡುತ್ತದೆಯೋ, ಅಥವಾ ಕಾಯಿಲೆಗೆ ಹತ್ತಿರವಿರುವ ಜನ ಅಂಥ ನೆರೆಹೊರೆಗೇ ಬಂದು ಸೇರಬೇಕಾಗುತ್ತದೆಯೋ? 2004ರಲ್ಲಿ ಮೈಕಲ್ ಓಕ್ಸ್ ಎತ್ತಿದ ಆಕ್ಷೇಪಕ್ಕೆ ಈಗಲೂ ತೂಕವಿದೆ. ಶ್ರೀಮಂತ ಬಡಾವಣೆಯಲ್ಲಿರುವ ಕಡುಬಡವರು, ಕಡುಬಡ ಬಡಾವಣೆಯಲ್ಲಿರುವ ಶ್ರೀಮಂತರು ದತ್ತಾಂಶದಲ್ಲಿ ಸಿಗುವುದೇ ಅಪರೂಪವಾದಾಗ, ಯಾವ ಸಮೀಕರಣವೂ ನೆರೆಹೊರೆಯನ್ನು ವ್ಯಕ್ತಿಯ ಸ್ಥಿತಿಯಿಂದ ಬಿಡಿಸಲಾರದು. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಅದಕ್ಕಾಗಿಯೇ ಇಲ್ಲಿ ಹೋಲಿಕೆಯ ಅಧ್ಯಯನಗಳನ್ನು ಬದಿಗಿಟ್ಟು, ಮನೆಯ ಅವಕಾಶವನ್ನು ಚೀಟಿ ಎತ್ತಿ ಹಂಚಿದ ಒಂದು ಪ್ರಯೋಗವನ್ನು ಮುಖ್ಯವಾಗಿ ಕೈಗೆತ್ತಿಕೊಂಡಿದ್ದೇನೆ. ಆದರೆ ಆ ಪ್ರಯೋಗಕ್ಕೆ ನಾನು ಕೇಳುವ ಪ್ರಶ್ನೆ ‘ನೆರೆಹೊರೆ ಕಾರಣವೇ?’ ಎಂಬುದಲ್ಲ; ‘ಕಾರಣವಾದರೆ ಯಾರಿಗೆ?’ ಎಂಬುದು.

ಅಮೆರಿಕದ ವಸತಿ ಇಲಾಖೆ ನಡೆಸಿದ ‘ಮೂವಿಂಗ್ ಟು ಆಪರ್ಚುನಿಟಿ’ ಪ್ರಯೋಗ 1994ರಿಂದ 1998ರವರೆಗೆ ಬಾಲ್ಟಿಮೋರ್, ಬಾಸ್ಟನ್, ಶಿಕಾಗೊ, ಲಾಸ್ ಏಂಜಲಿಸ್, ನ್ಯೂಯಾರ್ಕ್ ನಗರಗಳಲ್ಲಿ ಕುಟುಂಬಗಳನ್ನು ಸೇರಿಸಿಕೊಂಡಿತು. ಬಡತನದ ಪ್ರಮಾಣ ಶೇ. 40 ಅಥವಾ ಹೆಚ್ಚಿದ್ದ ಪ್ರದೇಶಗಳ ಸರ್ಕಾರಿ ವಸತಿಗಳಲ್ಲಿ ಮಕ್ಕಳೊಂದಿಗೆ ಬದುಕುತ್ತಿದ್ದ ಕುಟುಂಬಗಳವು. ಒಂದು ಗುಂಪಿಗೆ ಬಡತನ ಶೇ. 10ಕ್ಕಿಂತ ಕಡಿಮೆಯಿದ್ದ ಪ್ರದೇಶದಲ್ಲಿ ಮಾತ್ರ ಬಳಸಬಹುದಾದ ಬಾಡಿಗೆ ವೋಚರ್ ಮತ್ತು ಮನೆ ಹುಡುಕಲು ಸಲಹೆ ಸಿಕ್ಕಿತು. ಎರಡನೆಯ ಗುಂಪಿಗೆ ಎಲ್ಲಿ ಬೇಕಾದರೂ ಬಳಸಬಹುದಾದ ಮಾಮೂಲಿ ವೋಚರ್ ಸಿಕ್ಕಿತು. ಮೂರನೆಯ ಗುಂಪಿಗೆ ಹೊಸದಾಗಿ ಏನೂ ಸಿಗಲಿಲ್ಲ. ಸೇರಿದವರಲ್ಲಿ ಹೆಚ್ಚಿನವರು ಹೇಳಿದ ಮುಖ್ಯ ಕಾರಣ ಕೆಲಸವೂ ಅಲ್ಲ, ಶಾಲೆಯೂ ಅಲ್ಲ. ಪುಂಡರ ಗುಂಪುಗಳಿಂದ, ಮಾದಕವಸ್ತುಗಳಿಂದ ದೂರ ಹೋಗಬೇಕೆಂಬುದು. ಮುಂದಿನ ವಾದಕ್ಕೆ ಈ ಮಾತು ಬೇಕಾಗುತ್ತದೆ.

2008ರಿಂದ 2010ರ ಅವಧಿಯಲ್ಲಿ ಈ ಕುಟುಂಬಗಳ ಮಹಿಳೆಯರ ಎತ್ತರ, ತೂಕಗಳನ್ನು ಅಳೆದು, ರಕ್ತದ ಹನಿಗಳಲ್ಲಿ ಸಕ್ಕರೆಯ ಮಟ್ಟ ಸೂಚಿಸುವ ಎಚ್‌ಬಿಎ1ಸಿ ಪರೀಕ್ಷಿಸಲಾಯಿತು. ಯೆನ್ಸ್ ಲುಡ್ವಿಗ್ ಮತ್ತು ಸಂಗಡಿಗರು ಅದರ ಫಲಿತಾಂಶವನ್ನು 2011ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದರು. ಏನೂ ಸಿಗದ ಗುಂಪಿಗೆ ಹೋಲಿಸಿದರೆ ಮೊದಲ ಗುಂಪಿನಲ್ಲಿ ಎಚ್‌ಬಿಎ1ಸಿ ಶೇ. 6.5 ಅಥವಾ ಹೆಚ್ಚಿದ್ದವರ ಪಾಲು 4.31 ಶೇಕಡಾಂಶ ಕಡಿಮೆ (95% ವಿಶ್ವಾಸ ವ್ಯಾಪ್ತಿ 0.80ರಿಂದ 7.82). ದೇಹತೂಕ ಸೂಚ್ಯಂಕ 35 ದಾಟಿದವರ ಪಾಲು 4.61, 40 ದಾಟಿದವರ ಪಾಲು 3.38 ಶೇಕಡಾಂಶ ಕಡಿಮೆ. ವೋಚರ್ ಸಿಕ್ಕವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಅದನ್ನು ಬಳಸಿ ಮನೆ ಬದಲಿಸಿದರು ಎಂಬುದನ್ನು ನೆನೆದರೆ, ನಿಜಕ್ಕೂ ಹೋದವರಲ್ಲಿ ವ್ಯತ್ಯಾಸ ಇನ್ನೂ ದೊಡ್ಡದಿರಬೇಕು. ಆದರೆ 30ರ ಗೆರೆಯಲ್ಲಿ, ಅಂದರೆ ಸಾಮಾನ್ಯವಾಗಿ ಬೊಜ್ಜು ಎನ್ನುವ ಮಟ್ಟದಲ್ಲಿ, ಗಣನೀಯ ವ್ಯತ್ಯಾಸ ಕಾಣಲಿಲ್ಲ.

ನನ್ನ ವಾದ ಹುಟ್ಟುವುದು ಈ ಕೊನೆಯ ಮಾತಿನಿಂದ. ಸಾಂಕ್ರಾಮಿಕ ರೋಗಶಾಸ್ತ್ರದಲ್ಲಿ ಜೆಫ್ರಿ ರೋಸ್ ಅವರ 1985ರ ಪ್ರಬಂಧಕ್ಕೆ ಅಡಿಗಲ್ಲಿನ ಸ್ಥಾನವಿದೆ. ಕೀನ್ಯಾದ ಅಲೆಮಾರಿಗಳ ಮತ್ತು ಲಂಡನ್ನಿನ ಸರ್ಕಾರಿ ನೌಕರರ ರಕ್ತದೊತ್ತಡದ ವಿತರಣೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಸಮಾಜದ ಕಾರಣಗಳು ಇಡೀ ವಿತರಣೆಯನ್ನೇ ಒಂದು ಬದಿಗೆ ಸರಿಸುತ್ತವೆ ಎಂದು ಅವರು ತೋರಿಸಿದರು. 1990ರಲ್ಲಿ ಸೈಮನ್ ಡೇ ಜೊತೆ ಬರೆದ ಲೇಖನದಲ್ಲಿ, 32 ದೇಶಗಳ 52 ಜನಸಮುದಾಯಗಳ ಆಧಾರದಿಂದ, ಸರಾಸರಿ ತಿಳಿದರೆ ಅಂಚಿನಲ್ಲಿರುವವರ ಸಂಖ್ಯೆಯನ್ನು ಊಹಿಸಬಹುದು ಎಂದರು. ನೆರೆಹೊರೆಯ ಅಧ್ಯಯನಗಳು ಸೂಚಕಗಳ ಸರಾಸರಿಗಳನ್ನು ಹೋಲಿಸಿ ನಿಲ್ಲುವಾಗ ರೋಸ್ ಅವರ ಈ ನಿಲುವನ್ನೇ ಹೇಳದೆ ಒಪ್ಪಿಕೊಂಡಿರುತ್ತವೆ. ದೇಶ ದೇಶಗಳ ನಡುವಿನ ಹೋಲಿಕೆಗೆ ಅದು ಸರಿಯಿರಬಹುದು. ಒಂದೇ ನಗರದೊಳಗಿನ ನೆರೆಹೊರೆಗಳಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು ಎಂದು ನನಗೆ ತೋರುತ್ತದೆ.

ಲೆಕ್ಕ ಹಾಕಿ ನೋಡೋಣ. ಏನೂ ಸಿಗದ ಗುಂಪಿನ ಮಹಿಳೆಯರಲ್ಲಿ ಸುಮಾರು ಶೇ. 23ರಷ್ಟು ಮಂದಿ 30ರಿಂದ 35ರ ನಡುವೆ, ಸುಮಾರು ಶೇ. 18ರಷ್ಟು ಮಂದಿ 35ರಿಂದ 40ರ ನಡುವೆ, ಅಷ್ಟೇ ಮಂದಿ 40ರ ಮೇಲೆ ಇದ್ದರು. ಅಂದರೆ 30ರ ಗೆರೆಯ ಸುತ್ತ ಜನದಟ್ಟಣೆ ಹೆಚ್ಚು, 40ರ ಸುತ್ತ ಕಡಿಮೆ. ನೆರೆಹೊರೆಯ ಬದಲಾವಣೆ ಪ್ರತಿಯೊಬ್ಬರ ಸೂಚ್ಯಂಕವನ್ನೂ ಸಮನಾಗಿ ಒಂದು ಅಂಕ ಇಳಿಸಿದ್ದರೆ, ಅತಿ ಹೆಚ್ಚು ಜನ ದಾಟಬೇಕಾಗಿದ್ದುದು 30ರ ಗೆರೆಯನ್ನು. ಅತಿ ಕಡಿಮೆ ಜನ 40ರದನ್ನು. ಕಂಡದ್ದು ಇದಕ್ಕೆ ತಿರುಗುಮುರುಗಾಗಿದೆ. ಜನ ದಟ್ಟವಾಗಿದ್ದ ಗೆರೆಯಲ್ಲಿ ಚಲನೆ ಅತ್ಯಲ್ಪ, ಆಚೆಯ ಎರಡು ಗೆರೆಗಳಲ್ಲಿ ಸ್ಪಷ್ಟ. ಈ ಪ್ರಯೋಗದ ಮಟ್ಟಿಗೆ ನೆರೆಹೊರೆಯ ಪರಿಣಾಮ ಎಲ್ಲರ ಮೇಲೂ ತೆಳುವಾಗಿ ಹರಡಿಲ್ಲ. ಆಗಲೇ ಭಾರ ಹೊತ್ತವರ ಮೇಲೆ ದಟ್ಟವಾಗಿ ಕೂತಿದೆ.

ಇದು ಈ ಲೇಖನದ ಅತಿ ದಿಟ್ಟ ಹೇಳಿಕೆ. ಆದ್ದರಿಂದ ಅದರ ಮಿತಿಗಳನ್ನು ಇಲ್ಲಿಯೇ ಬಿಡಿಸಿಡಬೇಕು. ಮೊದಲನೆಯದಾಗಿ, 30ರ ಗೆರೆಯ ಅಂದಾಜಿಗೂ ಅಗಲವಾದ ವಿಶ್ವಾಸ ವ್ಯಾಪ್ತಿಯಿದೆ. ಸಮನಾದ ಸರಿತದ ಸಾಧ್ಯತೆಯನ್ನು ಈ ದತ್ತಾಂಶ ದುರ್ಬಲಗೊಳಿಸುತ್ತದೆಯೇ ಹೊರತು ಪೂರ್ತಿ ತಳ್ಳಿಹಾಕುವುದಿಲ್ಲ. ಎರಡನೆಯದಾಗಿ, ಮಾಮೂಲಿ ವೋಚರಿನ ಗುಂಪಿನಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ ಎಂಬುದನ್ನು ‘ನೆರೆಹೊರೆಯ ಗುಣವೇ ಕಾರಣ, ಮನೆ ಬದಲಿಸುವುದಲ್ಲ’ ಎಂಬುದಕ್ಕೆ ಪುರಾವೆಯಾಗಿ ಬಳಸುವ ಆಸೆ ಸಹಜ. ಒಂದು ಗುಂಪಿನ ಫಲಿತಾಂಶ ಗಣನೀಯ, ಇನ್ನೊಂದರದು ಅಲ್ಲ ಎಂದಮಾತ್ರಕ್ಕೆ ಆ ಎರಡು ಗುಂಪುಗಳ ನಡುವಿನ ಅಂತರವೇ ಗಣನೀಯವಾಗಿಬಿಡುವುದಿಲ್ಲ. ನಾನು ಆ ಪುರಾವೆಯ ಮೇಲೆ ಭಾರ ಹಾಕಿಲ್ಲ. ಮೂರನೆಯದು ಸೂಚಕದ ಸ್ವಭಾವಕ್ಕೆ ಸೇರಿದ್ದು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ಎಚ್‌ಬಿಎ1ಸಿ ಹೇಳುವುದು ಹಿಂದಿನ ಎರಡು ಮೂರು ತಿಂಗಳ ಕಥೆಯನ್ನು, ಅಷ್ಟೂ ವರ್ಷಗಳದ್ದನ್ನಲ್ಲ. ಹೊಸ ನೆರೆಹೊರೆಯಲ್ಲಿ ವೈದ್ಯರು ಹತ್ತಿರವಿದ್ದು ಮಾತ್ರೆ ಸರಿಯಾಗಿ ಸಿಕ್ಕಿದರೂ ಅದು ಇಳಿಯುತ್ತದೆ. ಆದರೆ ದೇಹತೂಕ ವರ್ಷಗಳ ಕೂಡಿಕೆ. ಸಕ್ಕರೆ ಕಾಯಿಲೆಯ ಮಾತ್ರೆಯೊಂದರಿಂದಲೇ 40ರ ಗೆರೆ ದಾಟಿ ಇಳಿಯುವವರು ವಿರಳ. ಬೇರೆ ಬೇರೆ ಕಾಲಮಾನದ ಎರಡು ಸೂಚಕಗಳು ಒಂದೇ ದಿಕ್ಕಿಗೆ ಬೊಟ್ಟು ಮಾಡುವುದರಿಂದ ಚಿಕಿತ್ಸೆಯ ವಿವರಣೆ ಸಾಲದೆನಿಸುತ್ತದೆ.

ಹಾಗಾದರೆ ದಾರಿ ಯಾವುದು? ಹಣವಂತೂ ಅಲ್ಲ. ಈ ಪ್ರಯೋಗದಲ್ಲಿ ವಯಸ್ಕರ ಗಳಿಕೆ, ಉದ್ಯೋಗಗಳು ಹೇಳಿಕೊಳ್ಳುವಂತೆ ಸುಧಾರಿಸಲಿಲ್ಲ. ಸುಧಾರಿಸಿದ್ದು ಸುರಕ್ಷತೆಯ ಭಾವ ಮತ್ತು ಮನಸ್ಸಿನ ನೆಮ್ಮದಿ. ಜನ ಹೊರಡಲು ಬಯಸಿದ್ದೂ ಹೆದರಿಕೆಯಿಂದಲೇ ಎಂಬುದನ್ನು ಇದರೊಂದಿಗೆ ಕೂಡಿಸಿ ಓದಬೇಕು. ಸದಾ ಎಚ್ಚರದಲ್ಲಿರುವ ದೇಹದಲ್ಲಿ ಕಾರ್ಟಿಸಾಲ್ ಯಕೃತ್ತಿನಿಂದ ಸಕ್ಕರೆ ಬಿಡಿಸುತ್ತದೆ, ಇನ್ಸುಲಿನ್ನಿಗೆ ಅಡ್ಡಿಯಾಗುತ್ತದೆ, ಹೊಟ್ಟೆಯೊಳಗೆ ಕೊಬ್ಬು ಶೇಖರಿಸುತ್ತದೆ. ಮೀಸಲು ಶಕ್ತಿ ಇರುವವರೆಗೆ ದೇಹ ಇದನ್ನು ತಡೆದುಕೊಳ್ಳುತ್ತದೆ, ಅದು ತೀರಿದ ಮೇಲೆ ಕುಸಿತ ವೇಗ ಪಡೆಯುತ್ತದೆ ಎನ್ನುವ ಮೆಕ್ಈವನ್ ಅವರ ಚೌಕಟ್ಟಿಗೆ ಅಂಚಿನಲ್ಲಿ ದಟ್ಟವಾಗುವ ಪರಿಣಾಮ ಚೆನ್ನಾಗಿ ಹೊಂದುತ್ತದೆ. ಹೊಂದುತ್ತದೆ ಎಂದಷ್ಟೇ ಹೇಳುತ್ತೇನೆ. 2011ರ ಲೇಖನ ತೋರಿಸುವುದು ಕೊನೆಯ ಫಲವನ್ನು, ನಡುವಿನ ದಾರಿಯನ್ನಲ್ಲ. ಇದೇ ಕುಟುಂಬಗಳ ಹುಡುಗರ ವಿಷಯವೂ ಈ ವಿವರಣೆಗೆ ಸುಲಭವಾಗಿ ಒಗ್ಗುವುದಿಲ್ಲ. ರೊನಾಲ್ಡ್ ಕೆಸ್ಲರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದಂತೆ, ಕಡಿಮೆ ಬಡತನದ ನೆರೆಹೊರೆಯ ವೋಚರ್ ಸಿಕ್ಕ ಕುಟುಂಬಗಳ ಹುಡುಗರಲ್ಲಿ ಖಿನ್ನತೆ ಹೆಚ್ಚಿತ್ತು; ಹುಡುಗಿಯರಲ್ಲಿ ಅದು ಕಡಿಮೆಯಿದ್ದುದು ಮಾಮೂಲಿ ವೋಚರಿನ ಗುಂಪಿನಲ್ಲಿ. ತಾಯಿಗೆ ನೆಮ್ಮದಿ ತಂದ ಬೀದಿ ಮಗನಿಗೆ ತರಲಿಲ್ಲ.

ಸ್ವೀಡನ್ನಿನಿಂದ ಬಂದ ಪುರಾವೆ ಕಾರಣದ ವಾದವನ್ನು ಬಲಪಡಿಸುತ್ತದೆ. 1987ರಿಂದ 1991ರವರೆಗೆ ಅಲ್ಲಿಗೆ ಬಂದ ನಿರಾಶ್ರಿತರನ್ನು ಸರ್ಕಾರವೇ ಬೇರೆ ಬೇರೆ ನೆರೆಹೊರೆಗಳಿಗೆ ಹಂಚಿತ್ತು. ಜಸ್ಟಿನ್ ವೈಟ್ ಮತ್ತು ಸಂಗಡಿಗರ 2016ರ ಅಧ್ಯಯನದ ಪ್ರಕಾರ, ಹೆಚ್ಚು ಹಿಂದುಳಿದ ನೆರೆಹೊರೆಗೆ ಹೋದವರಿಗೆ ಮುಂದೆ ಮಧುಮೇಹದ ಸಾಧ್ಯತೆ ಹೆಚ್ಚಿತ್ತು, ವರ್ಷಗಳು ಕಳೆದಂತೆ ಅಂತರ ಬೆಳೆಯಿತು. ಆದರೆ ಅದು ರೋಗನಿದಾನದ ದಾಖಲೆಗಳನ್ನು ಆಧರಿಸಿದ್ದು. ಕಾಯಿಲೆ ಇದೆ ಅಥವಾ ಇಲ್ಲ ಎಂಬುದಷ್ಟನ್ನೇ ಹೇಳುವ ದಾಖಲೆ, ಸರಾಸರಿಯೋ ಅಂಚೋ ಎಂಬ ಪ್ರಶ್ನೆಗೆ ಉತ್ತರಿಸಲಾರದು.

ನಮ್ಮ ನಗರಗಳಲ್ಲಿ ಇಂಥ ಸಂಶೋಧನೆಗೆ ಹೊರಡುವವರು ಸೂಚಕದ ಆಯ್ಕೆಯಲ್ಲೇ ಎಚ್ಚರ ವಹಿಸಬೇಕಾಗುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಸಕ್ಕರೆ ಏರದಿದ್ದರೂ ಎಚ್‌ಬಿಎ1ಸಿ ಏರಿ ತೋರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಬೆಂಗಳೂರಿನ ಒಂದು ಕೊಳೆಗೇರಿಯನ್ನೂ ಅದರ ಪಕ್ಕದ ಬಡಾವಣೆಯನ್ನೂ ಎಚ್‌ಬಿಎ1ಸಿಯೊಂದರಿಂದಲೇ ಅಳೆದರೆ, ನಾವು ಸಕ್ಕರೆಯ ಅಂತರವನ್ನು ಅಳೆದೆವೋ ಕಬ್ಬಿಣದ ಅಂತರವನ್ನೋ ತಿಳಿಯುವುದಿಲ್ಲ. ಭಾರತೀಯರಲ್ಲಿ ಮಧುಮೇಹ ತೆಳ್ಳಗಿನ ಮೈಯವರಿಗೂ ಬರುವುದರಿಂದ 35, 40ರ ಗೆರೆಗಳೂ ಇಲ್ಲಿ ನೆರವಾಗಲಾರವು. ಕೊಳೆಗೇರಿಯವರ ಪುನರ್ವಸತಿ ಬಹುಪಾಲು ಅವರು ಕೇಳಿ ಪಡೆದದ್ದಲ್ಲ. ಹೆದರಿಕೆಯಿಂದ ದೂರ ಹೋಗುವುದಕ್ಕೂ ಇದ್ದ ಜಾಗದಿಂದ ಎಬ್ಬಿಸಿ ಕಳಿಸಲ್ಪಡುವುದಕ್ಕೂ ದೇಹ ಒಂದೇ ರೀತಿ ಸ್ಪಂದಿಸುತ್ತದೆಂದು ಊಹಿಸಲು ಆಧಾರವಿಲ್ಲ.

ಹಾಗಾಗಿ ಎರಡು ಪ್ರಶ್ನೆಗಳು ತೆರೆದೇ ಉಳಿಯುತ್ತವೆ. ಅಂಚಿನಲ್ಲಿ ಕಂಡ ಪರಿಣಾಮ ಬೊಜ್ಜು ಇಷ್ಟು ವ್ಯಾಪಕವಾಗಿರುವ ಜನಸಮುದಾಯದ ವಿಶೇಷವೋ, ಬೇರೆಡೆಯೂ ಕಾಣುವಂಥದ್ದೋ ಎಂಬುದು ಒಂದು. ಸೂಚಕಗಳನ್ನು ಮೊದಲೇ ಆಯ್ದ ಗೆರೆಗಳಲ್ಲಿ ಕತ್ತರಿಸದೆ, ವಿತರಣೆಯ ಒಂದೊಂದು ಹಂತದಲ್ಲೂ ಗುಂಪುಗಳ ಅಂತರವನ್ನು ಅಂದಾಜಿಸಿದರೆ ಇದಕ್ಕೆ ಉತ್ತರ ಹತ್ತಿರವಾಗುತ್ತದೆ. ಮತ್ತೊಂದು, ಅಂಚಿಗೆ ತಲುಪಿದವರು ನೆರೆಹೊರೆ ಬದಲಾದ ಮೇಲೆ ಹಿಂದಕ್ಕೆ ಬಂದರೋ, ಅಥವಾ ಅಂಚಿಗೆ ಹೋಗಲಿದ್ದವರು ಹೋಗದೆ ಉಳಿದರೋ ಎಂಬುದು. ವರ್ಷಗಳ ನಂತರ ಒಮ್ಮೆ ತೆಗೆದ ರಕ್ತದ ಹನಿ ಇವೆರಡನ್ನೂ ಬೇರ್ಪಡಿಸಿ ತೋರಿಸದು. ಅದಕ್ಕೆ ಮನೆ ಬದಲಿಸುವ ಮೊದಲೂ ನಂತರವೂ ಅದೇ ಜನರ ಅಳತೆಗಳು ಬೇಕು.