ಪ್ರೇತಚ್ಛಾಯಾಚಿತ್ರಗಳೂ ಎರಡು ನ್ಯಾಯವಿಚಾರಣೆಗಳೂ

ಸೂರ್ಯರಶ್ಮಿಯೇ ಬರೆದ ಚಿತ್ರವು ಸುಳ್ಳಾಡಲಾರದೆಂಬ ನಂಬಿಕೆಯು ಛಾಯಾಗ್ರಹಣವಿದ್ಯೆಯೊಡನೆಯೇ ಹುಟ್ಟಿತು. ೧೮೩೯ ರಲ್ಲಿ ಡಾಗೇರನ ವಿಧಾನವು ಪ್ಯಾರಿಸಿನಲ್ಲಿ ಪ್ರಕಟವಾದ ಮೇಲೆ, ಚಿತ್ರಕಾರನ ಕೈಯಲ್ಲಿ ಪಕ್ಷಪಾತವಿರಬಹುದು, ಬೆಳಕಿನಲ್ಲಿ ಮಾತ್ರ ಅದಿಲ್ಲವೆಂದು ಜನರು ಭಾವಿಸಿದರು. ಈ ನಂಬಿಕೆಯನ್ನು ಆಶ್ರಯಿಸಿಯೇ ಇಪ್ಪತ್ತೈದು ವರ್ಷಗಳೊಳಗಾಗಿ, ಮೃತರ ರೂಪಗಳನ್ನು ಗಾಜಿನ ಮೇಲೆ ಹಿಡಿದುಕೊಡುವ ವ್ಯಾಪಾರವೊಂದು ತಲೆಯೆತ್ತಿತು. ಆ ಚಿತ್ರಗಳು ಕೃತ್ರಿಮವೆಂಬುದು ಇಂದು ವಿದ್ವಾಂಸರಲ್ಲಿ ವಿವಾದದ ವಿಷಯವಲ್ಲ. ಆದರೆ ಕೃತ್ರಿಮವನ್ನು ಶಂಕಿಸುವುದಕ್ಕೂ ಸ್ಥಾಪಿಸುವುದಕ್ಕೂ ಇರುವ ಅಂತರವೆಷ್ಟು, ಸ್ಥಾಪಿತವಾದ ಮೇಲೆಯೂ ನಂಬಿಕೆಯು ಅಳಿಯದಿರುವುದೇಕೆ ಎಂಬ ಎರಡು ಪ್ರಶ್ನೆಗಳು ಉಳಿಯುತ್ತವೆ. ೧೮೬೯ ರ ನ್ಯೂಯಾರ್ಕ್ ವಿಚಾರಣೆಯೂ ೧೮೭೫ ರ ಪ್ಯಾರಿಸ್ ವಿಚಾರಣೆಯೂ ಇವಕ್ಕೆ ಉತ್ತರವನ್ನೀಯುವುದರಿಂದ, ಪ್ರಮಾಣವಿಚಾರದಲ್ಲಿ ಆಸಕ್ತರಾದವರಿಗೆಲ್ಲ ಅವು ಗಮನಾರ್ಹವಾಗಿವೆ.

೧

ಮೊದಲು ಉಪಾಯಗಳನ್ನು ತಿಳಿಯತಕ್ಕುದು. ೧೮೫೧ ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರನು ಪ್ರಕಟಿಸಿದ ಒದ್ದೆ ಫಲಕದ ವಿಧಾನದಲ್ಲಿ ಗಾಜಿಗೆ ಕೊಲೋಡಿಯನ್ನನ್ನು ಬಳಿದು, ಬೆಳ್ಳಿಯ ಲವಣದಲ್ಲಿ ಅದ್ದಿ, ಅದು ಆರುವುದರೊಳಗಾಗಿ ಚಿತ್ರವನ್ನು ತೆಗೆದು ತೊಳೆಯಬೇಕಾಗಿದ್ದಿತು. ಕುಳಿತವನು ಕೆಲವು ಸೆಕೆಂಡುಗಳವರೆಗಾದರೂ ಅಲುಗಾಡದೆ ಇರಬೇಕು. ಈ ಅವಧಿಯ ನಡುವೆ ಎದ್ದುಹೋದವನ ಆಕೃತಿಯು ಅರೆಪಾರದರ್ಶಕವಾಗಿ ಮೂಡಿ, ಅವನ ಹಿಂದಿದ್ದ ವಸ್ತುಗಳು ಅವನ ಮೈಯ ಮೂಲಕವೇ ಕಾಣುವುವು. ಸ್ಕಾಟ್ಲೆಂಡಿನ ವಿಜ್ಞಾನಿ ಸರ್ ಡೇವಿಡ್ ಬ್ರೂಸ್ಟರನು ೧೮೫೬ ರಲ್ಲಿ ಸ್ಟೀರಿಯೋಸ್ಕೋಪನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನು ವಿನೋದಕ್ಕಾಗಿ ಬಳಸಬಹುದೆಂದು ಬಹಿರಂಗವಾಗಿ ವಿವರಿಸಿದ್ದನು. ಅಂದರೆ ಪ್ರೇತಚಿತ್ರದ ವ್ಯಾಪಾರವು ಹುಟ್ಟುವುದಕ್ಕೆ ಮೊದಲೇ ಅದರ ಗುಟ್ಟು ಅಚ್ಚಾಗಿದ್ದಿತು.

ಇತರ ಉಪಾಯಗಳೂ ಇದ್ದುವು. ಒಂದೇ ಫಲಕಕ್ಕೆ ಎರಡು ಬಾರಿ ಬೆಳಕು ತಾಗಿಸುವುದು. ಹಳೆಯ ಗಾಜನ್ನು ಚೆನ್ನಾಗಿ ತೊಳೆಯದೆ ಮತ್ತೆ ಬಳಸುವುದರಿಂದ ಹಿಂದಿನ ಚಿತ್ರದ ಕುರುಹು ಎದ್ದುಬರುವುದು. ಪಾರದರ್ಶಕವಾದ ಚಿತ್ರವೊಂದನ್ನು ಕ್ಯಾಮರದೊಳಗೆ ಫಲಕದ ಮುಂದೆ ಅಡಗಿಸುವುದು. ಎರಡು ನೆಗೆಟಿವ್‌ಗಳಿಂದ ಒಂದೇ ಕಾಗದದ ಮೇಲೆ ಪ್ರತಿ ತೆಗೆಯುವುದು. ಇವುಗಳಲ್ಲಿ ಕೆಲವು ಕತ್ತಲೆಕೋಣೆಯಲ್ಲಿ, ಕೆಲವು ಕ್ಯಾಮರದಲ್ಲಿ, ಕೆಲವು ಗಿರಾಕಿಯು ಹೊರಟುಹೋದ ಮೇಲೆ ನಡೆಯತಕ್ಕವು. ಆದುದರಿಂದ ಒಂದು ಹಂತವನ್ನು ಕಣ್ಣಿಟ್ಟು ಕಾದವನು ಉಳಿದ ಹಂತಗಳ ವಿಷಯದಲ್ಲಿ ಏನನ್ನೂ ಕಂಡಂತಾಗಲಿಲ್ಲ.

೨

ಬಾಸ್ಟನ್ ನಗರದಲ್ಲಿ ಆಭರಣಗಳ ಮೇಲೆ ಕೆತ್ತನೆಯ ಕೆಲಸ ಮಾಡುತ್ತಿದ್ದ ವಿಲಿಯಂ ಮಮ್ಲರನು ೧೮೬೦ ರ ದಶಕದ ಮೊದಲಲ್ಲಿ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡಾಗ ಪಕ್ಕದಲ್ಲಿ ಬಾಲೆಯೊಬ್ಬಳ ಮಸುಕಾದ ಆಕೃತಿಯು ಮೂಡಿತೆಂದೂ, ಆಕೆಯು ಹನ್ನೆರಡು ವರ್ಷಗಳ ಹಿಂದೆ ಗತಿಸಿದ ತನ್ನ ಬಂಧುವೆಂದೂ ಹೇಳಿಕೊಂಡನು. ಆಗ ಅಮೆರಿಕದಲ್ಲಿ ಅಂತರ್ಯುದ್ಧವು ನಡೆಯುತ್ತಿದ್ದಿತು. ೧೮೬೧ ರಿಂದ ೧೮೬೫ ರ ವರೆಗಿನ ಆ ಯುದ್ಧದಲ್ಲಿ ಮಡಿದವರು ಆರು ಲಕ್ಷಕ್ಕೂ ಮಿಕ್ಕವರು. ಮಗನ ಶವವನ್ನೂ ಕಾಣದ ತಾಯಂದಿರು ಅಸಂಖ್ಯಾತರಾಗಿದ್ದರು. ಮಮ್ಲರನ ಬಾಗಿಲಿಗೆ ಗಿರಾಕಿಗಳು ಬಂದುದು ಈ ಮನೆಗಳಿಂದ. ಕೆಲವು ಪ್ರೇತಗಳು ಅದೇ ನಗರದಲ್ಲಿ ಜೀವಂತರಾಗಿರುವವರ ರೂಪಗಳೆಂದು ಗುರುತು ಸಿಕ್ಕಿದ ಮೇಲೆ ಬಾಸ್ಟನ್ನಿನಲ್ಲಿ ಅವನ ಹೆಸರು ಕೆಟ್ಟಿತು. ಮುಂದೆ ಅವನು ನ್ಯೂಯಾರ್ಕಿಗೆ ಹೋಗಿ ನೆಲಸಿದನು.

೧೮೬೯ ರ ಏಪ್ರಿಲಿನಲ್ಲಿ ವಂಚನೆಯ ಆರೋಪದ ಮೇಲೆ ಅವನನ್ನು ಬಂಧಿಸಿ ನ್ಯಾಯಾಧಿಪತಿ ಡೌಲಿಂಗನ ಮುಂದೆ ನಿಲ್ಲಿಸಿದರು. ನಗರದ ಅಧಿಕಾರಿ ಟೂಕರನು ಸುಳ್ಳು ಹೆಸರಿನಲ್ಲಿ ಹೋಗಿ ಚಿತ್ರ ತೆಗೆಸಿಕೊಂಡಿದ್ದನು. ಅದರಲ್ಲಿದ್ದ ಆಕೃತಿಯು ಅವನ ಮಾವನದೆಂದು ಹೇಳಲ್ಪಟ್ಟಿತಾದರೂ ಮಾವನ ಹೋಲಿಕೆಯೇ ಅದರಲ್ಲಿರಲಿಲ್ಲವೆಂದು ಅವನು ಸಾಕ್ಷಿ ನುಡಿದನು. ಪ್ರದರ್ಶನಗಳಿಂದ ಪ್ರಖ್ಯಾತನಾಗಿದ್ದ ಬಾರ್ನಮನು ಅಬ್ರಹಾಂ ಬೊಗಾರ್ಡಸ್ ಎಂಬ ಛಾಯಾಗ್ರಾಹಕನಿಂದ ತೆಗೆಯಿಸಿದ ತನ್ನ ಚಿತ್ರವನ್ನು ಹಾಜರುಪಡಿಸಿದನು. ಅದರಲ್ಲಿ ೧೮೬೫ ರಲ್ಲಿ ಹತನಾದ ಅಧ್ಯಕ್ಷ ಲಿಂಕನ್ನನ ಛಾಯೆಯು ಬಾರ್ನಮನೊಡನೆ ಕಾಣುತ್ತಿದ್ದಿತು. ಇಂತಹ ಚಿತ್ರವನ್ನು ಯಾವ ನಿಪುಣನೂ ಮಾಡಬಲ್ಲನೆಂಬುದು ಇದರಿಂದ ಸಿದ್ಧವಾಯಿತು.

ಆದರೆ ಪ್ರತಿಪಕ್ಷದ ಸಾಕ್ಷಿಗಳೂ ಅಲ್ಪರಲ್ಲ. ಲಿವರ್‌ಮೋರನೆಂಬ ಸಾಹುಕಾರನು ಚಿತ್ರದಲ್ಲಿರುವವಳು ಗತಿಸಿದ ತನ್ನ ಪತ್ನಿಯೇ ಎಂದನು. ಹಿಂದೆ ನ್ಯಾಯಾಧೀಶನಾಗಿದ್ದ ಎಡ್ಮಂಡ್ಸನೂ ಆರೋಪಿಯ ಪರವಾಗಿ ನುಡಿದನು. ಅನುಭವಶಾಲಿಯಾದ ಛಾಯಾಗ್ರಾಹಕ ಜೆರಮಾಯ ಗರ್ನಿಯು ಮಮ್ಲರನ ಕೆಲಸವನ್ನು ಪಕ್ಕದಲ್ಲಿಯೇ ನಿಂತು ನೋಡಿದರೂ ಮೋಸವು ತನಗೆ ಕಾಣಲಿಲ್ಲವೆಂದು ಒಪ್ಪಿಕೊಂಡನು. ಸರ್ಕಾರಿ ಪಕ್ಷದವರು ಚಿತ್ರವನ್ನು ಹೀಗೆ ಮಾಡಬಹುದು, ಹಾಗೆ ಮಾಡಬಹುದು ಎಂದು ಅನೇಕ ಮಾರ್ಗಗಳನ್ನು ತೋರಿಸಿದರು. ಮಮ್ಲರನು ಯಾವ ಮಾರ್ಗದಿಂದ ಮಾಡಿದನೆಂಬುದನ್ನು ಮಾತ್ರ ತೋರಿಸಲಿಲ್ಲ. ಮೇ ತಿಂಗಳ ಮೊದಲ ವಾರದಲ್ಲಿ ಡೌಲಿಂಗನು, ಇದರಲ್ಲಿ ಕಪಟವಿದೆಯೆಂದು ಸ್ವತಃ ತನಗೆ ಮನವರಿಕೆಯಾಗಿದ್ದರೂ ಫಿರ್ಯಾದಿ ಪಕ್ಷವು ಅದನ್ನು ರುಜುವಾತು ಮಾಡಿಲ್ಲವಾದ ಕಾರಣ ಆರೋಪಿಯನ್ನು ಬಿಡಲೇಬೇಕಾಗಿದೆಯೆಂದು ಹೇಳಿ ಮಮ್ಲರನನ್ನು ಬಿಡುಗಡೆ ಮಾಡಿದನು. ಈ ತೀರ್ಪು ನಂಬುವವರಿಗೆ ಜಯದಂತೆ ಕಂಡಿತು. ವಾಸ್ತವವಾಗಿ ಅದು ಪ್ರೇತಗಳ ಅಸ್ತಿತ್ವವನ್ನು ಕುರಿತು ಏನನ್ನೂ ಹೇಳಿರಲಿಲ್ಲ; ಸಂಭವವು ಸಿದ್ಧಿಯಲ್ಲವೆಂದಷ್ಟೇ ಹೇಳಿದ್ದಿತು. ಕೆಲವು ವರ್ಷಗಳ ಮೇಲೆ ಲಿಂಕನ್ನನ ವಿಧವೆಯೇ ಮಮ್ಲರನಲ್ಲಿಗೆ ಹೋಗಿ, ಗಂಡನ ಛಾಯೆಯು ತನ್ನ ಹೆಗಲ ಮೇಲೆ ಕೈಯಿಟ್ಟಿರುವ ಚಿತ್ರವನ್ನು ತೆಗೆಸಿಕೊಂಡಳು.

೩

ನ್ಯೂಯಾರ್ಕಿನಲ್ಲಿ ದೊರೆಯದ ರುಜುವಾತು ಪ್ಯಾರಿಸಿನಲ್ಲಿ ದೊರೆಯಿತು. ಫ್ರಾನ್ಸ್ ದೇಶವು ೧೮೭೦–೭೧ ರ ಯುದ್ಧದಿಂದ ನೊಂದಿದ್ದಾಗ ಎದುವಾರ್ ಬ್ಯುಗೇ ಎಂಬವನು ಅಲ್ಲಿ ಪ್ರೇತಚಿತ್ರಗಳನ್ನು ಮಾರಲಾರಂಭಿಸಿದನು. ೧೮೭೫ ರಲ್ಲಿ ಪೋಲೀಸಿನವನೊಬ್ಬನು ಗಿರಾಕಿಯಂತೆ ಹೋಗಿ ಫಲಕವನ್ನೇ ವಶಪಡಿಸಿಕೊಂಡನು. ಶೋಧಿಸಲಾಗಿ, ತೆಳುಬಟ್ಟೆಯನ್ನು ಸುತ್ತಿದ ಬೊಂಬೆಯೂ, ರಟ್ಟಿನ ಮೇಲೆ ಅಂಟಿಸಿದ ಅನೇಕ ತಲೆಗಳಿದ್ದ ಪೆಟ್ಟಿಗೆಯೂ ಸಿಕ್ಕಿದುವು. ಬ್ಯುಗೇ ತಪ್ಪನ್ನು ಒಪ್ಪಿಕೊಂಡನು. ಮೊದಮೊದಲು ತನ್ನ ಸಹಾಯಕರೇ ಪ್ರೇತಗಳಾಗಿ ನಿಲ್ಲುತ್ತಿದ್ದರು. ಮುಖಗಳು ಗುರುತಾಗಬಹುದೆಂಬ ಭಯದಿಂದ ಬೊಂಬೆಯನ್ನು ಮಾಡಿಸಲಾಯಿತು. ಗಿರಾಕಿಗಳು ಕಾದು ಕುಳಿತಿರುವಾಗ ಮಾತುಮಾತಿನಲ್ಲಿ ಅವರಿಂದ ಮೃತರ ವಯಸ್ಸು, ಚಹರೆಗಳನ್ನು ತಿಳಿದು ತಕ್ಕ ತಲೆಯನ್ನು ಆರಿಸಲಾಗುತ್ತಿದ್ದಿತು. ಮೊದಲು ಬೊಂಬೆಯ ಚಿತ್ರವನ್ನು ತೆಗೆದ ಫಲಕದ ಮೇಲೆಯೇ ಗಿರಾಕಿಯ ಚಿತ್ರವನ್ನು ತೆಗೆಯಲಾಗುತ್ತಿದ್ದಿತು.

ಈ ವಿಚಾರಣೆಯ ಮುಖ್ಯ ಸ್ವಾರಸ್ಯವು ಮುಂದೆ ಇದೆ. ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಬೊಂಬೆಯನ್ನೂ ತಲೆಗಳನ್ನೂ ತೋರಿಸಿದರು. ಹಲವರು ತಮ್ಮ ಮಾತಿನಿಂದ ಕದಲಲಿಲ್ಲ. ಹೆಂಡತಿಯನ್ನು ಕಳೆದುಕೊಂಡಿದ್ದ ಒಬ್ಬ ಚಿತ್ರವ್ಯಾಪಾರಿಯು, ಚಿತ್ರವನ್ನು ನೋಡಿದೊಡನೆಯೇ ತನ್ನ ಮಕ್ಕಳು ಅಮ್ಮನೆಂದು ಕೂಗಿದರೆಂದು ಹೇಳಿದನು. ಆ ಹೋಲಿಕೆಯು ಕೇವಲ ಆಕಸ್ಮಿಕವೆಂದು ಬ್ಯುಗೇ ಅವನ ಎದುರಿಗೇ ನುಡಿದರೂ, ಅದು ತನ್ನ ಪತ್ನಿಯೇ ಎಂಬ ನಿಶ್ಚಯವನ್ನು ಆತನು ಬಿಡಲಿಲ್ಲ. ಬ್ಯುಗೇಗೂ, ಅವನ ಚಿತ್ರಗಳನ್ನು ಪ್ರಚಾರ ಮಾಡಿದ ಪತ್ರಿಕಾಸಂಪಾದಕ ಲೆಮಾರೀಗೂ ಒಂದೊಂದು ವರ್ಷದ ಸೆರೆಯೂ ಐದು ನೂರು ಫ್ರಾಂಕುಗಳ ದಂಡವೂ ವಿಧಿಸಲ್ಪಟ್ಟುವು.

ತರ್ಕಶಾಸ್ತ್ರದಲ್ಲಿ “ಇವನೇ ಆ ದೇವದತ್ತನು” ಎಂಬ ಜ್ಞಾನಕ್ಕೆ ಪ್ರತ್ಯಭಿಜ್ಞೆಯೆಂದು ಹೆಸರು. ಅದರಲ್ಲಿ ಕಣ್ಣಮುಂದಿನ ವಸ್ತುವಿನ ಅಂಶವೊಂದು, ಸ್ಮೃತಿಯ ಅಂಶವೊಂದು. ವಸ್ತುವು ಸ್ಪಷ್ಟವಾಗಿರುವಾಗ ಸ್ಮೃತಿಯ ತಪ್ಪನ್ನು ಅದು ತಿದ್ದಬಲ್ಲುದು. ಬ್ಯುಗೇಯ ಮಸುಕಾದ ಮುಖಗಳಲ್ಲಿ ತಿದ್ದತಕ್ಕ ವಸ್ತುವೇ ಇಲ್ಲದುದರಿಂದ ಸ್ಮೃತಿಯು ಅಡ್ಡಿಯಿಲ್ಲದೆ ಕೆಲಸ ಮಾಡಿತು. ಪೆಟ್ಟಿಗೆಯ ಕೆಲವೇ ತಲೆಗಳು ಎಷ್ಟೋ ಮನೆಗಳ ಮೃತರಾಗಲು ಇದೇ ಕಾರಣ. ಅಂತು ಮೋಸದ ಅರ್ಧವನ್ನು ಬ್ಯುಗೇ ಮಾಡಿದರೆ, ಉಳಿದ ಅರ್ಧವನ್ನು ದುಃಖಿತರು ತಾವಾಗಿಯೇ, ಪ್ರಾಮಾಣಿಕವಾಗಿಯೇ ಪೂರೈಸಿದರು. ಆ ಸಾಕ್ಷಿಗಳನ್ನು ಸುಳ್ಳುಗಾರರೆನ್ನುವುದು ಅನ್ಯಾಯ. ಅವರ ಮಾತನ್ನು ಪ್ರಮಾಣವೆನ್ನುವುದೂ ಅಯುಕ್ತ.

೪

ಕಾರ್ಖಾನೆಗಳಲ್ಲಿ ಸಿದ್ಧವಾದ ಒಣ ಫಲಕಗಳು ಬಳಕೆಗೆ ಬಂದ ಮೇಲೆ, ಮೊಹರಾದ ಕಟ್ಟನ್ನು ಗಿರಾಕಿಯೇ ತಂದರೆ ಮೋಸಕ್ಕೆ ಅವಕಾಶವಿಲ್ಲವೆಂಬ ಭಾವನೆ ಬೆಳೆಯಿತು. ಇಂಗ್ಲೆಂಡಿನ ಕ್ರೂ ಪಟ್ಟಣದ ವಿಲಿಯಂ ಹೋಪನ ಕೀರ್ತಿಗೆ ಇದು ಆಧಾರ. ೧೯೨೨ ರ ಫೆಬ್ರುವರಿಯಲ್ಲಿ ಹ್ಯಾರಿ ಪ್ರೈಸನು ಎಕ್ಸ್-ಕಿರಣಗಳಿಂದ ಗುಪ್ತವಾಗಿ ಸಿಂಹದ ಗುರುತನ್ನಿಟ್ಟ ಫಲಕಗಳನ್ನು ಅವನಿಗೆ ಕೊಟ್ಟನು. ಪ್ರೇತವು ಮೂಡಿದ ಫಲಕದಲ್ಲಿ ಆ ಗುರುತಿರಲಿಲ್ಲ. ಅಂದರೆ ಫಲಕವೇ ಬದಲಾಗಿದ್ದಿತು. ಡೌಲಿಂಗನು ಬಯಸಿದ್ದ ಬಗೆಯ ರುಜುವಾತು ಇದು: ಮೋಸವು ಸಾಧ್ಯವೆಂದಲ್ಲ, ಇಂತಹ ದಿನ ಇಂತಹ ಫಲಕದಲ್ಲಿ ನಡೆಯಿತೆಂದು. ಆದರೂ ಪತ್ತೇದಾರಿ ಕಥೆಗಳ ಕರ್ತೃವಾದ ಸರ್ ಆರ್ಥರ್ ಕಾನನ್ ಡಾಯ್ಲನು ಅದೇ ವರ್ಷ ಪ್ರೇತಚಿತ್ರಗಳ ಸಮರ್ಥನೆಗಾಗಿ ಪುಸ್ತಕವನ್ನೇ ಬರೆದನು. ಅವನ ಮಗನು ೧೯೧೮ ರಲ್ಲಿ ತೀರಿಕೊಂಡಿದ್ದನು. ಹೋಪನು ೧೯೩೩ ರಲ್ಲಿ ಸಾಯುವವರೆಗೂ ಅವನಿಗೆ ಗಿರಾಕಿಗಳ ಕೊರತೆಯಾಗಲಿಲ್ಲ.

ಕೂಟಶಾಸನಗಳನ್ನು ಪರಿಶೀಲಿಸುವವರು ತಾಮ್ರಪಟವು ಏನು ಹೇಳುತ್ತದೆಂಬುದಕ್ಕಿಂತ ಮೊದಲು ಅದು ಯಾರ ಕೈಯಿಂದ ಬಂದಿತು, ಅದರಿಂದ ಯಾರಿಗೆ ಲಾಭ, ಅದು ನಿಜವಾಗಬೇಕೆಂದು ಯಾರಿಗೆ ಆಸೆ ಎಂದು ಕೇಳುತ್ತಾರೆ. ಪ್ರೇತಚಿತ್ರಗಳ ಇತಿಹಾಸವು ಈ ಪ್ರಶ್ನೆಗಳಲ್ಲಿ ಕೊನೆಯದರ ತೂಕವನ್ನು ತೋರಿಸುತ್ತದೆ. ಸಾಕ್ಷಿಯ ಸತ್ಯಸಂಧತೆಯನ್ನೂ ಸಾಕ್ಷ್ಯದ ಸತ್ಯವನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕೆಂಬುದು ಪ್ಯಾರಿಸಿನ ಆ ಚಿತ್ರವ್ಯಾಪಾರಿಯ ಹೇಳಿಕೆಯಿಂದ ತಿಳಿದುಬರುವ ಸಂಗತಿಯಾಗಿದೆ.