ಗಿರಾಕಿಯೇ ಗುಮಾಸ್ತ

ಬ್ರಿಟನ್ನಿನ ಜನಸಾಮಾನ್ಯರನ್ನು ಈ ಶತಮಾನದಲ್ಲಿ ಅತಿ ಹೆಚ್ಚು ರೇಗಿಸಿದ ವಾಕ್ಯಗಳ ಪಟ್ಟಿ ಮಾಡಿದರೆ, ರಾಜಕಾರಣಿಗಳ ಭಾಷಣದ ಸಾಲುಗಳ ನಡುವೆ ಒಂದು ಯಂತ್ರದ ಮಾತಿಗೂ ಜಾಗ ಕೊಡಬೇಕಾಗುತ್ತದೆ. “ಚೀಲ ಇಡುವ ಜಾಗದಲ್ಲಿ ಅನಿರೀಕ್ಷಿತ ವಸ್ತುವೊಂದಿದೆ” ಎಂಬುದೇ ಆ ಮಾತು. ಸೂಪರ್ ಮಾರ್ಕೆಟ್ಟಿನಲ್ಲಿ ಗಿರಾಕಿ ತಾನೇ ವಸ್ತುಗಳನ್ನು ಯಂತ್ರಕ್ಕೆ ತೋರಿಸಿ, ತಾನೇ ಬಿಲ್ಲು ಮಾಡಿಕೊಂಡು, ತಾನೇ ಹಣ ಕಟ್ಟಿ ಹೊರಡುವ ‘ಸೆಲ್ಫ್ ಚೆಕ್‌ಔಟ್’ ಯಂತ್ರ, ಲೆಕ್ಕ ಸರಿಹೋಗದಿದ್ದಾಗ ಹೀಗೆ ಉಲಿಯುತ್ತದೆ. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ತಲೆಯೆತ್ತಿ ನೋಡುತ್ತಾರೆ. ಏನೂ ಕದಿಯದವನ ಮುಖವೂ ಕಳ್ಳನ ಮುಖದಂತಾಗುತ್ತದೆ. ಈ ಮಾತು ಎಷ್ಟು ನಗೆಪಾಟಲಾಯಿತೆಂದರೆ, ಟೆಸ್ಕೊ ಕಂಪನಿ 2015ರಲ್ಲಿ ಅದನ್ನು ಕೈಬಿಟ್ಟು ತನ್ನ ಯಂತ್ರಗಳಿಗೆ ಹೊಸ ದನಿ ಕೊಡಿಸಿತು. ಸಿಟ್ಟು ಮಾತ್ರ ಹಾಗೆಯೇ ಉಳಿಯಿತು.

ಯಂತ್ರ ಹೊಸದಾದರೂ ಜಗಳ ಹಳೆಯದು. ಅಂಗಡಿಯಲ್ಲಿ ದುಡಿಯಬೇಕಾದವರು ಯಾರು, ಮಾರುವವನೋ ಕೊಳ್ಳುವವನೋ ಎಂಬ ಪ್ರಶ್ನೆ ಎದ್ದು ನೂರು ವರ್ಷ ದಾಟಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಿನಸಿ ಅಂಗಡಿಯೂ ನಮ್ಮ ಬೀದಿ ಕೊನೆಯ ದಿನಸಿ ಅಂಗಡಿಯಂತೆಯೇ ಇತ್ತು. ಸರಕೆಲ್ಲ ಮಾರುವವನ ಬೆನ್ನ ಹಿಂದಿನ ಕಪಾಟುಗಳಲ್ಲಿ. ನಡುವೆ ಉದ್ದನೆಯ ಕೌಂಟರು. ಗಿರಾಕಿ ಚೀಟಿ ಓದಬೇಕು, ಗುಮಾಸ್ತ ಇಳಿಸಿ, ತೂಗಿ, ಪೊಟ್ಟಣ ಕಟ್ಟಿ ಕೊಡಬೇಕು. ಗುರುತಿನವರಿಗೆ ಸಾಲವೂ ಸಿಗುತ್ತಿತ್ತು. ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರದ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿಗೆ ಇದು ಶುದ್ಧ ದಂಡದ ಖರ್ಚಾಗಿ ಕಂಡಿತು. 1916ರ ಸೆಪ್ಟೆಂಬರಿನಲ್ಲಿ ಆತ ತೆರೆದ ‘ಪಿಗ್ಲಿ ವಿಗ್ಲಿ’ ಅಂಗಡಿಯಲ್ಲಿ ಕೌಂಟರನ್ನೇ ತೆಗೆದುಹಾಕಲಾಗಿತ್ತು. ತಿರುಗುಗೂಟ ದಾಟಿ ಒಳಹೊಕ್ಕ ಗಿರಾಕಿ ಕೈಯಲ್ಲಿ ಬುಟ್ಟಿ ಹಿಡಿದು, ಕಪಾಟುಗಳ ನಡುವಿನ ಅಂಕುಡೊಂಕು ದಾರಿಯಲ್ಲಿ ಪೂರ್ತಿ ಸುತ್ತಿ, ಬೆಲೆ ನಮೂದಿಸಿದ ವಸ್ತುಗಳನ್ನು ತಾನೇ ಆರಿಸಿಕೊಂಡು, ಕೊನೆಯಲ್ಲಿ ಕ್ಯಾಷಿಯರ್ ಬಳಿ ನಗದು ಕೊಟ್ಟು ಹೊರಬರಬೇಕು. ಸಾಲದ ಮಾತಿಲ್ಲ. ಈ ಏರ್ಪಾಡಿಗೆ ಸಾಂಡರ್ಸನಿಗೆ 1917ರಲ್ಲಿ ಪೇಟೆಂಟ್ ಕೂಡ ಸಿಕ್ಕಿತು. (ಇಂಥ ವಿಚಿತ್ರ ಹೆಸರೇಕೆ ಎಂದು ಕೇಳಿದವರಿಗೆ, ನೀವು ಹೀಗೆ ಕೇಳಲೆಂದೇ ಇಟ್ಟೆ ಎನ್ನುತ್ತಿದ್ದನಂತೆ.)

ಇಲ್ಲಿ ಒಂದು ಅಂಶವನ್ನು ನೆನಪಿಟ್ಟುಕೊಳ್ಳಬೇಕು. ಗಿರಾಕಿಯಿಂದ ಕೆಲಸ ಮಾಡಿಸಿಕೊಂಡ ಸಾಂಡರ್ಸ್ ಅದಕ್ಕೆ ಪ್ರತಿಫಲವನ್ನೂ ಕೊಟ್ಟ. ಗುಮಾಸ್ತರ ಸಂಬಳ ಉಳಿದಿದ್ದರಿಂದ ಆತನ ಅಂಗಡಿಯಲ್ಲಿ ಬೆಲೆ ಇತರೆಡೆಗಿಂತ ಕಡಿಮೆ ಇತ್ತು. ಜನ ಮುಗಿಬಿದ್ದರು. 1922ರ ವೇಳೆಗೆ ಪಿಗ್ಲಿ ವಿಗ್ಲಿ ಅಂಗಡಿಗಳ ಸಂಖ್ಯೆ 1,200 ಮುಟ್ಟಿತ್ತು. ಮರುವರ್ಷವೇ ನ್ಯೂಯಾರ್ಕ್ ಷೇರುಪೇಟೆಯ ದಲ್ಲಾಳಿಗಳ ಮೇಲೆ ಹಠಕ್ಕೆ ಬಿದ್ದು, ತನ್ನದೇ ಕಂಪನಿಯ ಷೇರುಗಳನ್ನೆಲ್ಲ ಕೊಂಡು ಗುಡ್ಡೆ ಹಾಕಲು ಹೋಗಿ, ಸಾಂಡರ್ಸ್ ಕಂಪನಿಯನ್ನೂ ಗುಲಾಬಿ ಕಲ್ಲಿನ ಭವ್ಯ ಬಂಗಲೆಯನ್ನೂ ಕಳೆದುಕೊಂಡ. ಆ ಬಂಗಲೆ ಈಗ ವಸ್ತುಸಂಗ್ರಹಾಲಯವಾಗಿದೆ. ಮೊದಲ ಪಿಗ್ಲಿ ವಿಗ್ಲಿಯ ಪ್ರತಿಕೃತಿಯೂ ಅದರೊಳಗಿದೆ.

ಆದರೆ ಮನುಷ್ಯ ಸುಮ್ಮನಿರುವ ಜಾತಿಯವನಲ್ಲ. ಕಪಾಟಿನ ಗುಮಾಸ್ತನನ್ನು ತೆಗೆದವನಿಗೆ ಗಲ್ಲಾಪೆಟ್ಟಿಗೆಯ ಗುಮಾಸ್ತನೂ ಹೆಚ್ಚೆನಿಸಿರಬೇಕು. 1937ರಲ್ಲಿ ಮೆಂಫಿಸ್‌ನಲ್ಲೇ ‘ಕೀಡೂಜಲ್’ ಎಂಬ ಅಂಗಡಿ ಶುರುಮಾಡಿದ. ಗಾಜಿನ ಪೆಟ್ಟಿಗೆಯೊಳಗಿನ ಮಾದರಿ ನೋಡಿ ಪಕ್ಕದ ತೂತಿಗೆ ಗಿರಾಕಿ ಕೀಲಿ ತೂರಿಸಿದರೆ, ಹಿಂಬದಿಯಿಂದ ಆ ವಸ್ತು ಚಲಿಸುವ ಪಟ್ಟಿಯ ಮೇಲೆ ಬಂದು ಬೀಳುತ್ತಿತ್ತು. ಬಿಲ್ಲನ್ನೂ ಯಂತ್ರವೇ ಕೂಡುತ್ತಿತ್ತು. ಗಿರಾಕಿಗಳು ಹೆಚ್ಚಿದ ಹೊತ್ತಿನಲ್ಲಿ ಮಾತ್ರ ಯಂತ್ರ ತಡವರಿಸುತ್ತಿತ್ತು, ಒಬ್ಬರ ಸರಕು ಇನ್ನೊಬ್ಬರಿಗೆ ಹೋಗುತ್ತಿತ್ತು. ಹಲವು ಪ್ರಯತ್ನಗಳ ನಂತರ 1949ರಲ್ಲಿ ಅದು ಮುಚ್ಚಿತು. 1953ರಲ್ಲಿ ಸಾಯುವ ಹೊತ್ತಿಗೂ ಆತ, ಗಿರಾಕಿಯೇ ಲೆಕ್ಕ ಮಾಡಿಕೊಂಡು ಹೋಗುವ ‘ಫುಡೆಲೆಕ್ಟ್ರಿಕ್’ ಎಂಬ ಅಂಗಡಿಯ ಸಿದ್ಧತೆಯಲ್ಲಿದ್ದ. ಇಂದಿನ ಯಂತ್ರದ ಅಜ್ಜ ಎಂದು ಅದನ್ನು ಕರೆಯಲು ಅಡ್ಡಿಯಿಲ್ಲ.

ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಸ್ವಯಂಸೇವೆಗೆ ಸಿಕ್ಕ ಸ್ವಾಗತ ಅಷ್ಟೇನೂ ಬೆಚ್ಚಗಿರಲಿಲ್ಲ. ಸೇನ್ಸ್‌ಬರಿ ಕಂಪನಿ 1950ರಲ್ಲಿ ಲಂಡನ್ ಬಳಿಯ ಕ್ರಾಯ್ಡನ್‌ನಲ್ಲಿ ಮೊದಲ ಸ್ವಯಂಸೇವಾ ಅಂಗಡಿ ತೆರೆದಾಗ, ಗುಮಾಸ್ತನ ಕೆಲಸವನ್ನು ತಾವು ಮಾಡಬೇಕೆಂದು ತಿಳಿದ ಗಿರಾಕಿಯೊಬ್ಬರು ಕೈಯಲ್ಲಿದ್ದ ತಂತಿಬುಟ್ಟಿಯನ್ನು ಮಾಲೀಕ ಅಲನ್ ಸೇನ್ಸ್‌ಬರಿಯ ಮೇಲೆಯೇ ಎಸೆದರೆಂಬ ಕಥೆ ಆ ಕಂಪನಿಯ ಇತಿಹಾಸದ ಭಾಗವಾಗಿದೆ.

ಇಷ್ಟಾದರೂ ಗಲ್ಲಾಪೆಟ್ಟಿಗೆಯವರ ಕೆಲಸಕ್ಕೆ ಬಹುಕಾಲ ಕುತ್ತು ಬರಲಿಲ್ಲ. ಬೆಲೆ ಓದುವುದಕ್ಕೆ ಕಣ್ಣು ಬೇಕು, ಒತ್ತುವುದಕ್ಕೆ ಬೆರಳು ಬೇಕು. ಆ ಕಣ್ಣನ್ನು ಯಂತ್ರಕ್ಕೆ ಕೊಟ್ಟಿದ್ದು ಬಾರ್‌ಕೋಡ್. ಫಿಲಡೆಲ್ಫಿಯದ ಬರ್ನಾರ್ಡ್ ಸಿಲ್ವರ್ ಮತ್ತು ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಇದಕ್ಕೆ 1952ರಲ್ಲೇ ಪೇಟೆಂಟ್ ಪಡೆದಿದ್ದರು. ಮಯಾಮಿಯ ಕಡಲತೀರದಲ್ಲಿ ಕುಳಿತು ಮರಳಿನ ಮೇಲೆ ಬೆರಳೆಳೆಯುತ್ತಿದ್ದಾಗ, ಮೋರ್ಸ್ ಸಂಕೇತದ ಚುಕ್ಕಿ ಗೀಟುಗಳನ್ನು ಕೆಳಕ್ಕೆ ಎಳೆದರೆ ಸಾಲುಗಳಾಗುತ್ತವಲ್ಲ ಎಂದು ವುಡ್‌ಲ್ಯಾಂಡ್‌ಗೆ ಹೊಳೆಯಿತಂತೆ. ಅದನ್ನು ಓದಬಲ್ಲ ಲೇಸರ್, ಲೆಕ್ಕವಿಡಬಲ್ಲ ಅಗ್ಗದ ಕಂಪ್ಯೂಟರ್ ಬರುವ ತನಕ ಕಾಯಬೇಕಾಯಿತು. ಒಹಾಯೊ ರಾಜ್ಯದ ಟ್ರಾಯ್ ಊರಿನ ಮಾರ್ಷ್ ಸೂಪರ್ ಮಾರ್ಕೆಟ್ಟಿನಲ್ಲಿ 1974ರ ಜೂನ್ 26ರಂದು 67 ಸೆಂಟ್ ಬೆಲೆಯ ಚ್ಯೂಯಿಂಗ್ ಗಮ್ ಪೊಟ್ಟಣ ಮೊದಲ ಬಾರಿಗೆ ಸ್ಕ್ಯಾನರ್ ಮೇಲೆ ಹಾದುಹೋಯಿತು. ಆಗಲೂ ತಕರಾರು ಎದ್ದಿತ್ತು. ವಸ್ತುವಿನ ಮೇಲೆ ಬೆಲೆಯೇ ಇಲ್ಲದಿದ್ದರೆ ಅಂಗಡಿಯವನು ಎಷ್ಟು ಹಾಕಿದನೆಂದು ತಿಳಿಯುವುದು ಹೇಗೆ ಎಂದು ಗ್ರಾಹಕ ಸಂಘಟನೆಗಳೂ ಕಾರ್ಮಿಕ ಸಂಘಗಳೂ ಕೇಳಿದವು. ಪ್ರತಿ ವಸ್ತುವಿನ ಮೇಲೂ ಬೆಲೆ ಅಂಟಿಸಲೇಬೇಕೆಂದು ಕೆಲವು ರಾಜ್ಯಗಳು ಕಾನೂನು ಮಾಡಿದವು. ಮಿಷಿಗನ್ ರಾಜ್ಯದಲ್ಲಿ ಅಂಥ ಕಾನೂನು 2011ರವರೆಗೂ ಇತ್ತು.

ಮುಂದಿನ ಹೆಜ್ಜೆ ಚಿಕ್ಕದು. ಸ್ಕ್ಯಾನರನ್ನು ಗಿರಾಕಿಯ ಕಡೆಗೆ ತಿರುಗಿಸಿದರಾಯಿತು. ಫ್ಲೋರಿಡದ ಡೇವಿಡ್ ಹಂಬಲ್ ರೂಪಿಸಿದ ‘ಚೆಕ್‌ರೋಬಾಟ್’ 1986ರಲ್ಲಿ ಅಟ್ಲಾಂಟ ಸಮೀಪದ ಕ್ರೋಗರ್ ಅಂಗಡಿಗೆ ಬಂತು. ಅದರಲ್ಲಿ ಗಿರಾಕಿ ಸ್ಕ್ಯಾನ್ ಮಾಡಿದರೂ ಹಣ ಪಡೆಯಲು ಕ್ಯಾಷಿಯರ್ ಇದ್ದೇ ಇದ್ದರು. ಹಣವನ್ನೂ ತಾನೇ ಪಡೆಯುವ ಯಂತ್ರವನ್ನು ತಯಾರಿಸಿದವರು ಎಂಜಿನಿಯರೂ ಅಲ್ಲ, ವ್ಯಾಪಾರಿಯೂ ಅಲ್ಲ. ಹೋವರ್ಡ್ ಷ್ನೈಡರ್ ಎಂಬ ವೈದ್ಯರು. 1992ರಲ್ಲಿ ನ್ಯೂಯಾರ್ಕ್ ರಾಜ್ಯದ ಪ್ರೈಸ್ ಚಾಪರ್ ಅಂಗಡಿಯಲ್ಲಿ ಅದು ಕೆಲಸಕ್ಕೆ ನಿಂತಿತು.

ಇನ್ನು ಈ ಯಂತ್ರ ರೇಗಿಸುವುದೇಕೆ? ಅದರ ಹೊಟ್ಟೆಯೊಳಗಿರುವ ತಕ್ಕಡಿಯೇ ಕಾರಣ. ಮನುಷ್ಯ ಕ್ಯಾಷಿಯರ್‌ಗೆ ಗಿರಾಕಿಯ ಕೈ ಕಾಣುತ್ತದೆ; ಯಂತ್ರಕ್ಕೆ ಕಾಣದು. ಆದ್ದರಿಂದ ಅದು ತೂಕವನ್ನು ನಂಬುತ್ತದೆ. ಅಂಗಡಿಯ ಪ್ರತಿಯೊಂದು ವಸ್ತುವಿನ ತೂಕವೂ ಅದರ ಸ್ಮರಣೆಯಲ್ಲಿರುತ್ತದೆ. ಒಂದು ಡಬ್ಬಿಯನ್ನು ಸ್ಕ್ಯಾನ್ ಮಾಡಿದ ಮೇಲೆ, ಚೀಲವಿಡುವ ಹಲಗೆಯ ಮೇಲೆ ಅಷ್ಟೇ ತೂಕ ಏರಬೇಕು. ಹೆಚ್ಚಿದರೆ ‘ಅನಿರೀಕ್ಷಿತ ವಸ್ತು’. ಏರದಿದ್ದರೆ ‘ವಸ್ತುವನ್ನು ಚೀಲಕ್ಕೆ ಹಾಕಿ’ ಎಂಬ ಆಜ್ಞೆ. ಶುಭಾಶಯ ಪತ್ರದಂಥ ಹಗುರ ವಸ್ತು ಅದಕ್ಕೆ ತಿಳಿಯುವುದೇ ಇಲ್ಲ. ಮನೆಯಿಂದ ತಂದ ಬಟ್ಟೆಚೀಲ ಇಟ್ಟರೆ ಗಾಬರಿಯಾಗುತ್ತದೆ. ಮಗು ಹಲಗೆಯ ಮೇಲೆ ಕೈಯೂರಿದರೂ ಸಾಕು. ಬಿಡಿ ತರಕಾರಿಗೆ ಬಾರ್‌ಕೋಡ್ ಇಲ್ಲದ್ದರಿಂದ ಚಿತ್ರಗಳ ಪುಟ ಪುಟ ತಿರುವಿ ಈರುಳ್ಳಿ ಹುಡುಕಬೇಕು. ಮದ್ಯದ ಬಾಟಲಿ ಇದ್ದರೆ ವಯಸ್ಸು ನೋಡಲು ಮನುಷ್ಯರೇ ಬರಬೇಕು. ಪ್ರತಿ ಬಾರಿಯೂ ತಲೆಯ ಮೇಲಿನ ದೀಪ ಮಿನುಗುತ್ತದೆ. ಹಲವು ಯಂತ್ರಗಳಿಗೆ ಒಬ್ಬರೇ ಇರುವ ನೌಕರರು ಅತ್ತಿಂದಿತ್ತ ಓಡುತ್ತಾರೆ. ಒಂದೆಡೆ ಕುಳಿತು ಬಿಲ್ಲು ಮಾಡುತ್ತಿದ್ದವರು ಈಗ ನಿಂತುಕೊಂಡು ಆರು ಮಂದಿಯ ಸಿಡುಕನ್ನು ಏಕಕಾಲಕ್ಕೆ ಸಹಿಸಬೇಕಾಗಿದೆ. ದೃಷ್ಟಿ ಮಂದವಾದವರು, ಗಾಲಿಕುರ್ಚಿಯಲ್ಲಿ ಬರುವವರು ಪರದೆಯ ಮುಂದೆ ಪಡುವ ಪಾಡು ಬೇರೆಯೇ.

ಇಷ್ಟೆಲ್ಲ ಅನುಮಾನಪಟ್ಟರೂ ಕಳ್ಳತನ ನಿಂತಿಲ್ಲ. ದುಬಾರಿ ಬೆಣ್ಣೆಹಣ್ಣನ್ನು ತಕ್ಕಡಿಯ ಮೇಲಿಟ್ಟು ‘ಕ್ಯಾರೆಟ್’ ಎಂದು ಒತ್ತಿದರೆ ತೂಕ ಸರಿಹೋಗುತ್ತದೆ, ಯಂತ್ರ ತೆಪ್ಪಗಿರುತ್ತದೆ! ಗಿರಾಕಿಗಳೇ ಸ್ಕ್ಯಾನ್ ಮಾಡಿಕೊಳ್ಳುವ ಸುಮಾರು ಹತ್ತು ಲಕ್ಷ ಖರೀದಿಗಳನ್ನು ಪರಿಶೀಲಿಸಿದ ಲೆಸ್ಟರ್ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರಜ್ಞರಾದ ಏಡ್ರಿಯನ್ ಬೆಕ್ ಮತ್ತು ಮ್ಯಾಟ್ ಹಾಪ್‌ಕಿನ್ಸ್, ಸರಕಿನ ಮೌಲ್ಯದಲ್ಲಿ ಸುಮಾರು ಶೇ 4ರಷ್ಟು ಲೆಕ್ಕಕ್ಕೆ ಸಿಗದೆ ಹೊರಹೋಗುತ್ತಿದ್ದುದನ್ನು ಕಂಡರು. ಸಿಕ್ಕಿಬಿದ್ದರೂ ‘ಯಂತ್ರ ಓದಲಿಲ್ಲ’ ಎನ್ನಬಹುದು. ನಿಜವಾಗಿ ಓದದಿದ್ದವರೂ ಹಾಗೆಯೇ ಹೇಳುತ್ತಾರೆ. ಇಬ್ಬರನ್ನೂ ಬೇರ್ಪಡಿಸುವುದು ಹೇಗೆ?

ಕೂಲಿಯ ಪ್ರಶ್ನೆ ಇದಕ್ಕಿಂತ ಆಳವಾದದ್ದು. ಸಂಬಳವಿಲ್ಲದೆ, ಆದರೆ ಪೇಟೆಯ ವ್ಯವಸ್ಥೆ ನಡೆಯಲು ಅನಿವಾರ್ಯವಾಗಿ ಮಾಡಬೇಕಾದ ದುಡಿಮೆಯನ್ನು ಚಿಂತಕ ಇವಾನ್ ಇಲಿಚ್ 1981ರ ತಮ್ಮ ಪುಸ್ತಕದಲ್ಲಿ ‘ನೆರಳು ದುಡಿಮೆ’ ಎಂದು ಕರೆದಿದ್ದರು. ಈ ಯಂತ್ರದ ಮುಂದೆ ನಿಂತವರು ಮಾಡುವುದು ಅದನ್ನೇ. ತರಕಾರಿಯ ಸಂಕೇತಗಳನ್ನು ಬಾಯಿಪಾಠ ಮಾಡಿಕೊಂಡ ಕ್ಯಾಷಿಯರ್ ಎರಡು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಹೊಸಬನಿಗೆ ಐದು ನಿಮಿಷ ಬೇಕು. ಸಾಂಡರ್ಸನ ಗಿರಾಕಿಗೆ ಬೆಲೆಯಾದರೂ ಇಳಿದಿತ್ತು. ಇಂದಿನವನ ಬಿಲ್ಲಿನಲ್ಲಿ ‘ದುಡಿದಿದ್ದಕ್ಕೆ ಇಷ್ಟು ವಜಾ’ ಎಂಬ ಸಾಲು ಇರುವುದಿಲ್ಲ. ಹಾಗೆಂದು ಯಂತ್ರಕ್ಕೆ ಅಭಿಮಾನಿಗಳೇ ಇಲ್ಲವೆಂದಲ್ಲ. ಎರಡೇ ವಸ್ತು ಕೊಂಡವರಿಗೆ, ಯಾರೊಡನೆಯೂ ಮಾತು ಬೇಡವೆನಿಸಿದವರಿಗೆ ಅದು ಅನುಕೂಲವೇ. 2020ರ ಕೊರೊನಾ ಕಾಲದಲ್ಲಂತೂ ಮನುಷ್ಯರ ಹತ್ತಿರ ಸುಳಿಯದಿರುವುದೇ ಯಂತ್ರದ ದೊಡ್ಡ ಗುಣವಾಗಿತ್ತು.

ಗಾಳಿ ಈಚೆಗೆ ಸ್ವಲ್ಪ ತಿರುಗಿದಂತಿದೆ. ಉತ್ತರ ಇಂಗ್ಲೆಂಡಿನ ಬೂತ್ಸ್ ಕಂಪನಿ ತನ್ನ ಎರಡು ಅಂಗಡಿಗಳನ್ನು ಬಿಟ್ಟು ಉಳಿದೆಡೆ ಯಂತ್ರಗಳನ್ನು ತೆಗೆಯುವುದಾಗಿ 2023ರ ನವೆಂಬರಿನಲ್ಲಿ ಸಾರಿತು. ಅಮೆರಿಕದ ಟಾರ್ಗೆಟ್ 2024ರ ಮಾರ್ಚ್‌ನಲ್ಲಿ ಬಹುತೇಕ ಅಂಗಡಿಗಳ ಯಂತ್ರಗಳಿಗೆ ಹತ್ತು ವಸ್ತುಗಳ ಮಿತಿ ಹಾಕಿತು. ಬಿಲ್ಲಿನ ಗೊಡವೆಯೇ ಇಲ್ಲದೆ ಕ್ಯಾಮೆರಾಗಳ ಕೆಳಗೆ ಎತ್ತಿಕೊಂಡು ನಡೆದುಬಿಡುವ ವ್ಯವಸ್ಥೆಯನ್ನು 2018ರಲ್ಲಿ ಸಾರ್ವಜನಿಕರಿಗೆ ತೆರೆದಿದ್ದ ಅಮೆಜಾನ್, ಅಮೆರಿಕದ ತನ್ನ ದೊಡ್ಡ ದಿನಸಿ ಅಂಗಡಿಗಳಿಂದ ಅದನ್ನು ತೆಗೆಯುವುದಾಗಿ 2024ರಲ್ಲಿ ಹೇಳಿತು. ಆ ಕ್ಯಾಮೆರಾಗಳ ಹಿಂದೆ ಭಾರತದಲ್ಲಿ ಕುಳಿತ ಸುಮಾರು ಸಾವಿರ ನೌಕರರು ದೃಶ್ಯಗಳನ್ನು ಪರಿಶೀಲಿಸುತ್ತಿದ್ದರೆಂದು ಆಗ ಪತ್ರಿಕೆಗಳು ಬರೆದವು. ಅವರ ಮುಖ್ಯ ಕೆಲಸ ಯಂತ್ರಕ್ಕೆ ಕಲಿಸುವುದಾಗಿತ್ತು, ಖರೀದಿಗಳಲ್ಲಿ ಪರಿಶೀಲನೆ ಬೇಕಾಗುತ್ತಿದ್ದುದು ಕೆಲವಕ್ಕೆ ಮಾತ್ರ ಎಂದು ಕಂಪನಿ ಸಮಜಾಯಿಷಿ ನೀಡಿತು.

ನೆದರ್ಲೆಂಡ್ಸ್‌ನ ಯುಂಬೊ ಕಂಪನಿ ಮಾತ್ರ ಇನ್ನೊಂದು ದಾರಿ ಹಿಡಿದಿದೆ. 2019ರಲ್ಲಿ ಅದು ವ್ಲೈಮೆನ್ ಎಂಬ ಊರಿನ ಅಂಗಡಿಯಲ್ಲಿ ‘ಹರಟೆಯ ಗಲ್ಲ’ವೊಂದನ್ನು ಆರಂಭಿಸಿತು. ಅವಸರವಿಲ್ಲದವರು, ಹೆಚ್ಚಾಗಿ ಒಂಟಿಯಾಗಿ ಬದುಕುವ ವೃದ್ಧರು, ಅಲ್ಲಿ ಸಾಲು ನಿಲ್ಲುತ್ತಾರೆ. ಕ್ಯಾಷಿಯರ್ ನಿಧಾನವಾಗಿ ವಸ್ತುಗಳನ್ನು ಸ್ಕ್ಯಾನ್ ಮಾಡುತ್ತ ಹವಾಮಾನ, ಮೊಮ್ಮಕ್ಕಳು, ಮಂಡಿನೋವಿನ ವಿಚಾರ ಮಾತಾಡುತ್ತಾರೆ. ಇದು ಜನರಿಗೆ ಹಿಡಿಸಿದ್ದರಿಂದ ಇಂಥ 200 ಗಲ್ಲಗಳನ್ನು ತೆರೆಯುವುದಾಗಿ ಕಂಪನಿ 2021ರಲ್ಲಿ ಪ್ರಕಟಿಸಿತು.