ಮದ್ದೂರಿನ ಒತ್ತಕ್ಷರಕ್ಕೆ ಮಣಿಯದ ಮೌಸ್

'ಮದ್ದೂರು' ಎಂದು ಬೆರಳಚ್ಚಿಸಿ, ಒತ್ತಕ್ಷರವನ್ನಷ್ಟೇ ತಿದ್ದಲು ಅದರ ಮೇಲೆ ಕ್ಲಿಕ್ಕಿಸಿದರೆ ಕರ್ಸರ್ 'ದ್ದೂ'ವಿನ ಆಚೆಗೋ ಈಚೆಗೋ ಹೋಗಿ ನಿಲ್ಲುತ್ತದೆ. ಕ್ಲಿಕ್ಕಿಸಿದಲ್ಲೇ ತಿದ್ದುವ ರೂಢಿಯನ್ನು 1970ರ ದಶಕದ ಮಧ್ಯದಲ್ಲಿ ಬೆಳೆಸಿದ್ದು ಅಮೆರಿಕದ ಝೆರಾಕ್ಸ್ ಪ್ರಯೋಗಾಲಯದ 'ಜಿಪ್ಸಿ' ತಂತ್ರಾಂಶ. ಲ್ಯಾರಿ ಟೆಸ್ಲರ್, ಟಿಮ್ ಮಾಟ್ ಅದರ ಕರ್ತೃಗಳು. ಸಾಲಾಗಿ ನಿಲ್ಲುವ ರೋಮನ್ ಅಕ್ಷರಗಳಿಗೆ ಅದು ಸರಿಯೇ. ನಮ್ಮ ಒತ್ತಾದರೋ ಕೆಳಗೆ ಕೂರುತ್ತದೆ!

1991ರಲ್ಲಿ ಕನ್ನಡಕ್ಕೂ ಎಡೆ ಕೊಟ್ಟ ಯೂನಿಕೋಡ್‌ನಲ್ಲಿ ಮದ್ದೂರು ಏಳು ಸಂಕೇತಗಳ ಪದ. ಕಣ್ಣಿಗೆ ಮೂರೇ ಅಕ್ಷರ. 'ದ್ದೂ' ಒಂದಕ್ಕೇ ನಾಲ್ಕು ಸಂಕೇತ. ನಡುವೆ ಕರ್ಸರ್ ನುಗ್ಗಿದರೆ ಅಕ್ಷರ ಒಡೆದೀತೆಂದು ಅನೇಕ ತಂತ್ರಾಂಶಗಳು ಇಡೀ ಗುಂಪನ್ನು ಒಂದೆಂದೇ ಎಣಿಸುತ್ತವೆ. ಬರೆಯುವವರ ಇಷ್ಟವನ್ನು ಕೇಳುವುದಿಲ್ಲ. ವಿಚಿತ್ರವೆಂದರೆ, ಅಳಿಸುವ ಕೀಲಿಗೆ ಬಹುತೇಕ ಕಡೆ ಈ ಮಡಿವಂತಿಕೆಯಿಲ್ಲ. 'ದ್ದೂ' ಆದ ಮೇಲೆ ಒಮ್ಮೆ ಅದುಮಿದರೆ 'ದ್ದ' ಉಳಿಯುತ್ತದೆ. ಮತ್ತೊಮ್ಮೆ ಅದುಮಿದರೆ ಬರೀ 'ದ್'.